ಹಳೆ ಹಾಯಿ ಹಡಗಿನ ತೂಗುದೀಪ ಹಚ್ಚುವ ಬಗೆ

ಹಡಗು ವಾಲಿದರೂ ಕ್ಯಾಬಿನ್ನಿನ ಸೀಮೆಎಣ್ಣೆ ದೀಪ ನೆಟ್ಟಗೇ ನಿಲ್ಲಬೇಕು, ಅಲ್ವಾ? ಅದಕ್ಕೇ ಗಿಂಬಲ್ ಎಂಬ ಹಿತ್ತಾಳೆ ಬಳೆ ಇರುವುದು. ಮೊದಲು ದೀಪವನ್ನು ಬೆರಳಿಂದ ತೂಗಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಹಚ್ಚಲೇಬೇಡಿ. ತಿರುಗುವ ಜಾಗದಲ್ಲಿ ಕೂತ ಹಸಿರು ಕಿಲುಬನ್ನು ಒರೆಸಿ ತೆಗೆಯಿರಿ. ಎಣ್ಣೆ ಮುಕ್ಕಾಲು ಸಾಕು.

ನಾನು ಜಾಸ್ತಿ ಹೊತ್ತು ಕೊಡುವುದು ಬತ್ತಿಗೆ. ಕರಕಲಾದ ಅಂಚನ್ನು ಚೂಪು ಕತ್ತರಿಯಿಂದ ನೇರವಾಗಿ ಕತ್ತರಿಸಿ, ಎರಡೂ ಮೂಲೆಗಳನ್ನು ಚೂರೇ ಚೂರು ತೆಗೆಯಿರಿ. ಒಂದು ಎಳೆ ಮೇಲೆದ್ದಿದ್ದರೂ ಜ್ವಾಲೆಗೆ ಕೋಡು ಮೂಡಿ ಗಾಜು ಮಸಿಯಾಗುತ್ತದೆ. ಹೊಸ ಬತ್ತಿಯಾದರೆ ಎಣ್ಣೆ ಹೀರಲು ಅರ್ಧ ಗಂಟೆ ಬಿಡಿ. ಹಚ್ಚಿದ ಮೇಲೆ ಬತ್ತಿ ತಗ್ಗಿಸಿಯೇ ಇಡಿ. ಗಾಜು ಬಿಸಿಯಾದಂತೆ ಜ್ವಾಲೆ ತಾನಾಗಿಯೇ ಏರುತ್ತದೆ.

ಮೇಲೆ ತೂಗುವ ಹಿತ್ತಾಳೆ ತಟ್ಟೆಯನ್ನು ಬಿಚ್ಚಬೇಡಿ. ಅದು ಸುಮ್ನೆ ಅಲಂಕಾರಕ್ಕಲ್ಲ, ಮರದ ಚಾವಣಿಯನ್ನು ಬಿಸಿ ಹೊಗೆಯಿಂದ ಕಾಯುವುದು ಅದೇ.

ಹಗಲಿಗೆ ಬೇರೆ ಉಪಾಯವಿದೆ. 1841ರ ತಿಮಿಂಗಿಲ ಬೇಟೆ ಹಡಗು ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್‌ನಲ್ಲಿರುವಂತೆ ಡೆಕ್ಕಿನಲ್ಲಿ ಗಾಜಿನ ಪ್ರಿಸಂ ಇದ್ದರೆ, ಅದರ ಮೇಲಿನ ಉಪ್ಪು ಒರೆಸಿ. ಕೆಳಗಿನ ಕೋಣೆಗೆ ಬೆಂಕಿಯಿಲ್ಲದೆ ಬೆಳಕು ಇಳಿಯುತ್ತದೆ.

ರಾತ್ರಿ ಆರಿಸಿದ ದೀಪ ಪೂರ್ತಿ ತಣ್ಣಗಾದ ಮೇಲೆಯೇ ಮತ್ತೆ ಎಣ್ಣೆ ಹಾಕಿ.