‘ಎಷ್ಟು ಬಂತು?’ ಎಂದು ಕೇಳುವವರೊಬ್ಬರು: ಟೈಪ್ ಒನ್ ಮಧುಮೇಹಿಗಳು ಜೊತೆಗಾರರನ್ನು ಹುಡುಕಿಕೊಳ್ಳುವುದು ಹೇಗೆ?

ಡಾಕ್ಟರ್ ಹತ್ತಿರ ಹೋಗುವ ಹಿಂದಿನ ರಾತ್ರಿ ಕೂತು, ಹದಿನೈದು ದಿನದ ಶುಗರ್ ರೀಡಿಂಗನ್ನು ಪುಸ್ತಕದಲ್ಲಿ ಒಂದೇ ಪೆನ್ನಿನಲ್ಲಿ ಬರೆದು ಮುಗಿಸುತ್ತಿದ್ದ ಕಾಲವೊಂದಿತ್ತು. 128, 134, 119. ಒಂದೂ ನಿಜವಲ್ಲ. ನಿಜವಾದ ಅಂಕಿಗಳು ಗ್ಲುಕೋಮೀಟರಿನ ಮೆಮೊರಿಯಲ್ಲಿದ್ದವು: 312, 58, 276. ಎಷ್ಟೋ ದಿನ ಬೆರಳಿಗೆ ಚುಚ್ಚಿಕೊಂಡೇ ಇರಲಿಲ್ಲ. ಆಗ ನನಗೆ 19 ವರ್ಷ, ಟೈಪ್ ಒನ್ ಶುರುವಾಗಿ ಆರು ವರ್ಷ ಆಗಿತ್ತು. ನಿಜ ಹೇಳಿದರೆ ಆಸ್ಪತ್ರೆಯಲ್ಲಿ ಬೈಗುಳ, ಮನೆಯಲ್ಲಿ ಅಮ್ಮನ ಕಣ್ಣೀರು. 312 ಎಂದರೆ ಮುಖ ಬದಲಾಗದಂಥ ಒಬ್ಬರು ಸಿಕ್ಕಿದ್ದರೆ ಸಾಕಿತ್ತು.

ಬೆಂಗಳೂರಿನಲ್ಲಿ ಶುಗರ್ ಇರುವವರಿಗೇನೂ ಬರವಿಲ್ಲ. ಮಾವನಿಗಿದೆ, ಪಕ್ಕದ ಮನೆ ಆಂಟಿಗಿದೆ, ಲಾಲ್‌ಬಾಗಿನಲ್ಲಿ ಬೆಳಿಗ್ಗೆ ನಡೆಯುವವರಲ್ಲಿ ಎಷ್ಟೋ ಜನರಿಗಿದೆ. ಆದರೆ ಅವರಲ್ಲಿ ಹೆಚ್ಚಿನವರದು ಟೈಪ್ ಟು. ನಮ್ಮದು ಬೇರೆ. ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ತಿಂದಿದ್ದಕ್ಕೆ ಬಂದದ್ದಲ್ಲ, ಹಾಗಲಕಾಯಿ ರಸಕ್ಕೆ ಹೋಗುವುದೂ ಅಲ್ಲ. ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು, ದಿನಕ್ಕೆ ಹಲವು ಸಲ, ಜೀವನಪೂರ್ತಿ. ಹಾಗಾಗಿ ಶುಗರ್ ಇರುವವರ ನಡುವೆಯೇ ಇದ್ದರೂ ನಾವು ಒಂಟಿ. ಆ ಒಂಟಿತನ ಕಳೆಯಲು ನಾನು ಹಿಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನಿಮ್ಮ ಪ್ರಶ್ನೆ ಬರೆದುಕೊಳ್ಳಿ

‘ಸಪೋರ್ಟ್ ಬೇಕು’ ಎಂದರೆ ಎದುರಿಗಿರುವವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ. ‘ಮೆಟ್ರೊದಲ್ಲಿ ನಿಂತಿದ್ದಾಗ ಶುಗರ್ ಲೋ ಆದ್ರೆ ಏನ್ಮಾಡ್ತೀರಿ?’ ‘ಆಫೀಸಲ್ಲಿ ಇಂಜೆಕ್ಷನ್ ಎಲ್ಲಿ ತಗೋತೀರಿ?’ ‘ಹುಡುಗನ ಮನೆಯವರಿಗೆ ಯಾವಾಗ ಹೇಳಿದ್ರಿ?’ ಈ ಮೂರನೆಯದು ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳ ನಿದ್ದೆ ಕೆಡಿಸಿದೆಯೋ! ಮದುವೆ ಮಾತುಕತೆ ನಡೆಯುವಾಗ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನನ್ನು ಬೀರುವಿನ ಬಟ್ಟೆಗಳ ಕೆಳಗೆ ಬಚ್ಚಿಡುವ ಮನೆಗಳಿವೆ. ಅದಕ್ಕೆ ಡಾಕ್ಟರ್ ಬಳಿ ಉತ್ತರವಿರುವುದಿಲ್ಲ. ಆ ದಾರಿಯಲ್ಲಿ ನಡೆದುಬಂದವರ ಬಳಿ ಇರುತ್ತದೆ.

ಹುಡುಕಾಟ ಆಸ್ಪತ್ರೆಯಿಂದಲೇ ಶುರುವಾಗಲಿ

ನೀವು ತೋರಿಸಿಕೊಳ್ಳುವ ಡಾಕ್ಟರನ್ನೋ ಡಯಾಬಿಟಿಸ್ ಎಜುಕೇಟರನ್ನೋ ಡಯಟಿಷಿಯನ್ನರನ್ನೋ ನೇರವಾಗಿ ಕೇಳಿ: ‘ನನ್ನ ವಯಸ್ಸಿನ ಟೈಪ್ ಒನ್ ಇರೋರು ಯಾರಾದ್ರೂ ಮಾತಾಡೋಕೆ ಒಪ್ತಾರಾ?’ ಬೇರೆ ರೋಗಿಯ ನಂಬರನ್ನು ಅವರು ಕೊಡುವಂತಿಲ್ಲ. ಅದಕ್ಕೇ ನಿಮ್ಮ ನಂಬರನ್ನೇ ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ. ಒಪ್ಪಿದವರು ಅವರಾಗಿಯೇ ಫೋನ್ ಮಾಡುತ್ತಾರೆ. ಸರ್ಕಾರದ ಕರ್ನಾಟಕ ಎಂಡೋಕ್ರಿನಾಲಜಿ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಚಿಕ್ಕ ಮಕ್ಕಳಾದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲೂ ವಿಚಾರಿಸಬಹುದು. ದೇಶದ ಮಟ್ಟದಲ್ಲಿ ಬ್ಲೂ ಸರ್ಕಲ್ ಡಯಾಬಿಟಿಸ್ ಫೌಂಡೇಶನ್ ಇದೆ, ಮಧುಮೇಹ ಇರುವವರೇ ಮುಂದೆ ನಿಂತು ನಡೆಸುವ ಸಂಸ್ಥೆ. ನವೆಂಬರ್ 14 ವಿಶ್ವ ಮಧುಮೇಹ ದಿನ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ ಅದು. ಆಗ ಶಿಬಿರ, ನಡಿಗೆಗಳು ನಡೆಯುತ್ತವೆ, ಹೋಗಿ ಬನ್ನಿ.

ನನಗೆ ಜೊತೆ ಸಿಕ್ಕಿದ್ದು ಮಾತ್ರ ಒಪಿಡಿಯ ಬೆಂಚಿನ ಮೇಲೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮುಚ್ಚಳ ತೆಗೆಯುವ ಮೊದಲು ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಿ, ಸ್ಟ್ರಿಪ್ಪಿಗೆ ರಕ್ತ ಮುಟ್ಟಿಸಿ, ಮೀಟರನ್ನು ನೋಡಿ ತುಟಿ ಕಚ್ಚಿಕೊಂಡರು. ಆಮೇಲೆ ಸೀರೆಯ ಸೆರಗು ಸರಿಸಿ ಹೊಟ್ಟೆಗೆ ಪೆನ್ ಒತ್ತಿ, ತುಟಿಯಲ್ಲೇ ಹತ್ತು ಎಣಿಸಿದರು. ನಾನೂ ಹಾಗೇ ಎಣಿಸುವವಳು. ‘ಎಷ್ಟು ಬಂತು ಅಕ್ಕಾ?’ ಎಂದು ಕೇಳಿಯೇಬಿಟ್ಟೆ. ‘ಇನ್ನೂರ ನಲವತ್ತು. ನಿಂಗೆ?’ ಆರು ವರ್ಷದಲ್ಲಿ ಮೊದಲ ಸಲ, ಸುಳ್ಳು ಹೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಭೇಟಿ ಕೂತು ಮಾತಾಡುವಂಥ ಕಡೆ ಇರಲಿ

ದರ್ಶಿನಿಯಲ್ಲಿ ನಿಂತುಕೊಂಡು ಇದೆಲ್ಲ ಆಗುವುದಿಲ್ಲ. ಕಬ್ಬನ್ ಪಾರ್ಕಿನ ಬೆಂಚೋ ಕೂತು ತಿನ್ನುವ ಹೋಟೆಲೋ ವಾಸಿ. ಮೀಟರ್, ಸ್ಟ್ರಿಪ್, ಸಕ್ಕರೆ ಜೊತೆಗಿರಲಿ. ಒಟ್ಟಿಗೆ ತಿನ್ನಿ. ಮಸಾಲೆ ದೋಸೆಯ ಆಲೂಗೆಡ್ಡೆ ಪಲ್ಯವನ್ನು ಅವರು ಹೇಗೆ ಲೆಕ್ಕ ಹಾಕುತ್ತಾರೆ, ಕಾಫಿಗೆ ಸಕ್ಕರೆ ಬೇಡ ಎಂದು ಮೊದಲೇ ಹೇಳುತ್ತಾರಾ ಎಂಬುದೆಲ್ಲ ನೋಡಿಯೇ ತಿಳಿಯಬೇಕು. ಒಬ್ಬರೊಂದಿಗೆ ಕುದುರದಿದ್ದರೆ ಬೇಸರ ಬೇಡ, ಇನ್ನೊಬ್ಬರನ್ನು ನೋಡಿ.

ನಾನು ಅಕ್ಕನಿಗೆ ಸುಳ್ಳು ಪುಸ್ತಕದ ವಿಷಯ ಹೇಳಿದ್ದು ಮೂರನೇ ಭೇಟಿಯಲ್ಲಿ. ‘ನಾನೂ ಬರೀತಿದ್ದೆ’ ಎಂದರು, ಅಷ್ಟೇ. ಮುಂದಿನ ತಿಂಗಳು ನಿಜವಾದ ಅಂಕಿಗಳನ್ನು ಒಯ್ದೆ. ನಡುರಾತ್ರಿ ಮೂರು ಗಂಟೆಯ 58, 61, 55 ನೋಡಿ ಡಾಕ್ಟರ್ ರಾತ್ರಿಯ ಡೋಸನ್ನು ಅಂದೇ ಇಳಿಸಿದರು. ಅಷ್ಟು ದಿನ ಅವರು ಚಿಕಿತ್ಸೆ ಕೊಟ್ಟಿದ್ದು ನಾನು ಕಟ್ಟಿದ ಅಂಕಿಗಳಿಗೆ.

ಹಂಚಿಕೊಳ್ಳಬಾರದ ಸಂಗತಿಗಳು

ಇಲ್ಲಿ ನಾನು ಕಟ್ಟುನಿಟ್ಟು. ಡೋಸ್ ಕಾಪಿ ಮಾಡಬೇಡಿ. ಅವರ ಎಂಟು ಯೂನಿಟ್ ಅವರ ದೇಹಕ್ಕೆ, ನಿಮ್ಮದನ್ನು ಹೇಳಬೇಕಾದವರು ನಿಮ್ಮ ಡಾಕ್ಟರ್. ಹೊಸ ಸೂಜಿ ಹಾಕಿದರೂ ಇನ್ನೊಬ್ಬರ ಪೆನ್ ಬಳಸಬೇಡಿ: ಇನ್ಸುಲಿನ್ ತುಂಬಿದ ಕಾರ್ಟ್ರಿಜ್‌ನೊಳಕ್ಕೆ ರಕ್ತದ ಅಂಶ ಹಿಮ್ಮುಖವಾಗಿ ಸೇರಿ ಸೋಂಕು ಹರಡಬಹುದು. ಸಿರಿಂಜ್ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿಗಳು, ಅಂದರೆ ವಯಲ್‌ಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ್ದು. ಸ್ನೇಹಿತರು ಕೊಟ್ಟ 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಬೇಕಾದದ್ದರ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ.

‘ಇನ್ಸುಲಿನ್ ನಿಲ್ಲಿಸಿ, ನಮ್ಮ ಪುಡಿ ತಗೊಳ್ಳಿ’ ಎನ್ನುವವರು ಗುಂಪಿನಲ್ಲಿದ್ದು, ಯಾರೂ ಅವರನ್ನು ತಡೆಯದಿದ್ದರೆ ಆ ಗುಂಪನ್ನು ಆ ಕ್ಷಣವೇ ಬಿಡಿ. ಟೈಪ್ ಒನ್ ಇರುವವರು ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ ಬರುತ್ತದೆ.

ಲೋ ಆದಾಗಿನ ಒಪ್ಪಂದ

ಜೊತೆಗಾರರೊಡನೆ ಮೊದಲೇ ಮಾತಾಡಿಕೊಳ್ಳಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಮೊದಲು 15 ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ, ನೀರಿಗೆ ಹಾಕಿ ಕುಡಿಯುವುದು. ಮೆಸೇಜ್ ಆಮೇಲೆ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಅಷ್ಟೇ ಸಕ್ಕರೆ. ಒಂಟಿಯಾಗಿ ಪಿಜಿಯಲ್ಲಿರುವವರು ರೂಮ್‌ಮೇಟ್‌ಗೂ ಹೇಳಿಡಿ: ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು. ಶುಗರ್ ತುಂಬ ಏರಿ ವಾಂತಿಯೂ ಆಗುತ್ತಿದ್ದರೆ ಸ್ನೇಹಿತರ ಉತ್ತರಕ್ಕೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಕೆಲವು ದಿನ ಯಾವ ಜೊತೆಗಾರರಿಂದಲೂ ಆಗುವುದಿಲ್ಲ. ಮೀಟರ್ ಕಂಡರೆ ಅಳು ಬರುತ್ತದೆ, ಬೇಕೆಂದೇ ಇನ್ಸುಲಿನ್ ಬಿಡಬೇಕೆನ್ನಿಸುತ್ತದೆ. ಇದನ್ನು ಸೋಮಾರಿತನ ಎನ್ನುವವರ ಮಾತು ಕೇಳಬೇಡಿ. ಇದು ಡಯಾಬಿಟಿಸ್ ಡಿಸ್ಟ್ರೆಸ್, ವೈದ್ಯರಿಗೆ ಗೊತ್ತಿರುವ ಸಂಗತಿ, ಅವರಿಗೆ ಹೇಳಲೇಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳಿಗೆ ಟೈಪ್ ಒನ್ ಇರುವ ಅಪ್ಪ ಅಮ್ಮಂದಿರಿಗೆ ಬೇಕಾದದ್ದು ಇನ್ನೊಬ್ಬ ಅಪ್ಪ ಅಮ್ಮ. ಶಾಲೆಯ ಜೊತೆ ಮಾತಾಡುವಾಗಂತೂ ಇಬ್ಬರು ಒಟ್ಟಿಗೆ ಹೋದರೆ ಬಲ. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು, ಇಂಥ ಮಕ್ಕಳಿಗೆ ಡಾಕ್ಟರ್ ಹೇಳಿದಂತೆ ತರಗತಿಯಲ್ಲೇ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿಂಡಿ ತಿನ್ನಲು ಬಿಡಬೇಕೆಂದು ರಾಜ್ಯಗಳಿಗೆ ಬರೆದಿದೆ. ಅದನ್ನು ಮುಖ್ಯೋಪಾಧ್ಯಾಯರ ಗಮನಕ್ಕೆ ತನ್ನಿ.

ನಂಬರ್ ಸಿಕ್ಕಮೇಲೂ ಮೊದಲ ಮೆಸೇಜ್ ಏನೆಂದು ಬರೆಯುವುದು ಎಂದು ತಿಳಿಯದೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಬೆಂಚಿನ ಭೇಟಿಯ ನಂತರ ನಾನು ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನ ಬೆಳಿಗ್ಗೆ ಬರೆದದ್ದು ಇಷ್ಟೇ: ‘ಅಕ್ಕಾ, ಅವತ್ತು ಪಕ್ಕದಲ್ಲಿ ಕೂತಿದ್ದೆನಲ್ಲ. ಇವತ್ತು ಖಾಲಿ ಹೊಟ್ಟೇಲಿ 287. ಏನೂ ಸಲಹೆ ಬೇಡ, ಹೇಳ್ಕೋಬೇಕು ಅನ್ನಿಸ್ತು.’ ಐದು ನಿಮಿಷಕ್ಕೆ ಉತ್ತರ ಬಂತು: ‘ನಂದು 303. ಇನ್ಸುಲಿನ್ ತಗೊಂಡು ಕಾಯ್ತಾ ಕೂತಿದೀನಿ. ನೀನೂ ತಗೊಂಡ್ಯಾ?’