ಕಕ್ಕಡದ ಮದ್ದು ಸೊಪ್ಪು: ನಿಮ್ಮ ತೋಟದ ಅಂಚಲ್ಲೇ ಬೆಳೆಸುವುದು ಹೇಗೆ?

ಆಗಸ್ಟ್ 3 ಹತ್ತಿರ ಬಂತು ಅಂದರೆ ಕೊಡಗಿನ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು ಪೇಟೆಗಳಲ್ಲಿ ಸೊಪ್ಪಿನ ಕಟ್ಟುಗಳು ಕಾಣಿಸುತ್ತವೆ. ಅದು ಕಕ್ಕಡ ಪದಿನೆಟ್ಟ್‌ಗೆ, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನಕ್ಕೆ ಬೇಕಾದ ಸೊಪ್ಪು. ಕೊಡವರ ಮನೆಯಲ್ಲಿ ಮದ್ದ್ ಪಾಯಸ, ಅರೆಭಾಷೆ ಗೌಡರ ಮನೆಯಲ್ಲಿ ಆಟಿ ಪಾಯಸ. ಸೊಪ್ಪು ಮಾತ್ರ ಒಂದೇ. 18 ಬಗೆಯ ಔಷಧಿ ಗುಣ ಆ ದಿನ ಈ ಗಿಡದಲ್ಲಿ ಸೇರಿರುತ್ತದೆ ಎಂಬುದು ಹಿರಿಯರು ನಂಬಿಕೊಂಡು ಬಂದ ಮಾತು. ಬೆಂಗಳೂರು, ಮೈಸೂರಲ್ಲಿರುವ ಮಕ್ಕಳಿಗೆ ಬಸ್ಸಿನಲ್ಲಿ ಕಟ್ಟು ಕಳಿಸುವವರೂ ಇದ್ದಾರೆ.

ಆ ನಾಲ್ಕು ದಿನ ಎಲ್ಲರಿಗೂ ಬೇಕಾದ ಗಿಡವನ್ನು ವರ್ಷದ ಉಳಿದ ದಿನ ಕೇಳುವವರಿಲ್ಲ. ಬೇಲಿ ಬದಿಯ ಕಳೆ ಜೊತೆ ಅದೂ ಮಷಿನ್‌ಗೆ ಸಿಗುತ್ತದೆ. ಕಳೆನಾಶಕ ಹೊಡೆದ ಕಡೆ ಬುಡ ಸಮೇತ ಹೋಗುತ್ತದೆ. ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದದ್ದನ್ನು ಮಾರುವವರು ಬೇರು ಸಮೇತ ಕಿತ್ತುಕೊಂಡು ಹೋಗುತ್ತಾರೆ, ಮುಂದಿನ ವರ್ಷ ಆ ಜಾಗದಲ್ಲಿ ಚಿಗುರಲು ಏನೂ ಇರುವುದಿಲ್ಲ. ಅದಕ್ಕೇ ಹೇಳುವುದು, ಪ್ರತಿ ಮನೆಯವರೂ ತಮ್ಮ ತೋಟದಲ್ಲಿ ಹತ್ತು ಗಿಡ ತಾವೇ ನೆಟ್ಟುಕೊಳ್ಳಿ. ಈ ಸೊಪ್ಪನ್ನು ನಾವು ರಾತ್ರಿಯಿಡೀ ನೀರಲ್ಲಿ ನೆನೆಸಿ ಆ ನೀರನ್ನು ಪೂರ್ತಿ ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ಮಕ್ಕಳಿಗೂ ಕೊಡುತ್ತೇವೆ. ಹಾಗಿದ್ದ ಮೇಲೆ ಅದರ ಮೇಲೆ ಏನು ಬಿದ್ದಿದೆ ಎಂದು ನಮಗೆ ಗೊತ್ತಿರಬೇಕು, ಅಲ್ವಾ?

ಮೊದಲು ಗಿಡದ ಗುರುತು

ಇದರ ವೈಜ್ಞಾನಿಕ ಹೆಸರು ಜಸ್ಟಿಸಿಯಾ ವೈನಾಡೆನ್ಸಿಸ್. ಕೆಮ್ಮಿನ ಕಷಾಯಕ್ಕೆ ಹಾಕುವ ಆಡುಸೋಗೆಯ ಜಾತಿಗೇ ಸೇರಿದ್ದು. ಪಶ್ಚಿಮಘಟ್ಟದ ನೆರಳಿನಲ್ಲಿ, ಕೊಲ್ಲಿ (ಬೆಟ್ಟದ ಕೊರಕಲು), ತೋಡುಗಳ ಬದಿಯಲ್ಲಿ ತಾನಾಗಿ ಬರುವ ಪೊದೆ ಗಿಡ. ಎಲೆ ಉದ್ದ, ಕಡು ಹಸಿರು, ತುದಿ ಚೂಪು. ಎರಡೆರಡು ಎಲೆ ಎದುರು ಬದುರಾಗಿ ಇರುತ್ತವೆ, ಎಲೆ ಹೊರಡುವ ಗೆಣ್ಣು ಸ್ವಲ್ಪ ಊದಿಕೊಂಡಿರುತ್ತದೆ.

ಇಷ್ಟೇ ನೋಡಿ ಗಿಡ ತರಬೇಡಿ. ಅದೇ ಕುಟುಂಬದ ಬೇರೆ ಗಿಡಗಳಿಗೂ, ಕುರಿಂಜಿ ಜಾತಿಯವಕ್ಕೂ, ಇದೇ ತರಹದ ಗೆಣ್ಣು, ಇದೇ ತರಹದ ಎದುರು ಬದುರು ಎಲೆ ಇರುತ್ತದೆ. ಅವೂ ಅದೇ ತೋಡಿನ ಬದಿಯಲ್ಲೇ ಬೆಳೆಯುತ್ತವೆ. ಊರಿನಲ್ಲಿ ವರ್ಷ ವರ್ಷ ಈ ಸೊಪ್ಪು ಕೊಯ್ಯುವ ಹಿರಿಯರನ್ನು ಕರೆದುಕೊಂಡು ಹೋಗಿ ಖಚಿತ ಮಾಡಿಕೊಳ್ಳಿ. ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಕಕ್ಕಡದ ಹೊತ್ತಿಗೆ ನಾಲ್ಕೈದು ಎಲೆಯನ್ನು ಕಾಂಡದ ಸಮೇತ ಕತ್ತರಿಸಿ ಬಿಳಿ ಬಟ್ಟಲಿನ ಬಿಸಿ ನೀರಿಗೆ ಹಾಕಿ ಮುಚ್ಚಿಡಿ. ಸ್ವಲ್ಪ ಹೊತ್ತಿನಲ್ಲಿ ನೀರು ನೇರಳೆಗೆ ತಿರುಗಿ, ಬರಬರುತ್ತಾ ಕಪ್ಪಾಗುತ್ತದೆ. ಮುಚ್ಚಳ ತೆಗೆದಾಗ ಬರುವ ಪರಿಮಳವನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಬಣ್ಣ ಬಿಡಲಿಲ್ಲ, ಪರಿಮಳವೂ ಇಲ್ಲ ಅಂದರೆ ಆ ಗಿಡ ಬೇಡ. ಬಣ್ಣ ಬಂತು ಅಂದ ಮಾತ್ರಕ್ಕೆ ಹಿರಿಯರನ್ನು ಕೇಳುವುದನ್ನು ಬಿಡಲೂ ಬೇಡಿ.

ಪಾಯಸದ ಕಟ್ಟಿನಲ್ಲೇ ನಿಮ್ಮ ಸಸಿ ಇದೆ

ಬೀಜದಿಂದ ಬೆಳೆಸಲು ಹೋಗಬೇಡಿ. ಕಾಯಿ ಒಣಗಿದಾಗ ಸಿಡಿದು ಬೀಜ ಚೆಲ್ಲಿಬಿಡುತ್ತದೆ, ಅದನ್ನು ಹಿಡಿದು ಮೊಳಕೆ ಬರಿಸುವುದು ಸುಮ್ನೆ ತಲೆನೋವು. ಕಾಂಡದ ತುಂಡು ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ.

ತುಂಡು ಎಲ್ಲಿಂದ ತರುವುದು? ಪಾಯಸಕ್ಕೆ ತಂದ ಕಟ್ಟಿನಿಂದಲೇ. ಎಲೆ, ಎಳೆ ಕಾಂಡ ಪಾಯಸಕ್ಕೆ ಹೋಗಲಿ. ಬುಡದ ಕಡೆಯ ಸ್ವಲ್ಪ ಬಲಿತ, ಆದರೆ ಇನ್ನೂ ಹಸಿರಿರುವ, ಪೆನ್ಸಿಲ್ ದಪ್ಪದ ಭಾಗವನ್ನು ಎತ್ತಿಡಿ. ಪೂರ್ತಿ ಕಂದು ಬಣ್ಣಕ್ಕೆ ತಿರುಗಿ ಕಟ್ಟಿಗೆಯಾದದ್ದು ನಿಧಾನ. ತುದಿಯ ಎಳೆಯದ್ದು ನಮ್ಮ ಮಳೆಗೆ ಕೊಳೆಯುತ್ತದೆ. ಪೇಟೆಯಿಂದ ತಂದ ಕಟ್ಟು ಬಾಡಿದ್ದರೆ ಬುಡವನ್ನು ಒಂದು ರಾತ್ರಿ ನೀರಲ್ಲಿ ನಿಲ್ಲಿಸಿ, ಬೆಳಿಗ್ಗೆ ಕತ್ತರಿಸಿ.

ಒಂದೊಂದು ತುಂಡಿಗೆ ಮೂರು ನಾಲ್ಕು ಗೆಣ್ಣು ಇರಲಿ, ಸುಮಾರು ಒಂದು ಗೇಣು ಉದ್ದ. ಕೆಳಗಿನ ಕಡಿತ ಗೆಣ್ಣಿನ ಸ್ವಲ್ಪ ಕೆಳಗೆ, ಓರೆಯಾಗಿ. ಕತ್ತಿ ಹರಿತವಾಗಿರಲಿ, ಜಜ್ಜಿದ ತುದಿಯಿಂದಲೇ ಕೊಳೆ ಶುರುವಾಗುವುದು. ಕೆಳಗಿನ ಎಲೆಗಳನ್ನೆಲ್ಲ ತೆಗೆದುಬಿಡಿ. ಮೇಲಿನ ಎರಡು ಎಲೆ ಬಿಟ್ಟು, ಅವನ್ನೂ ಅರ್ಧಕ್ಕೆ ಕತ್ತರಿಸಿ. ಬೇರು ಇಲ್ಲದ ತುಂಡಿಗೆ ದೊಡ್ಡ ಎಲೆಯನ್ನು ಸಾಕಲು ಆಗುವುದಿಲ್ಲ.

ನೆಡಲು ಕಾಫಿ ನರ್ಸರಿಯ 6×9 ಇಂಚಿನ ಪ್ಲಾಸ್ಟಿಕ್ ಚೀಲ (ಕೂಡೆ) ಸಾಕು, ಹೆಚ್ಚಿನ ಮನೆಗಳ ಶೆಡ್‌ನಲ್ಲಿ ಉಳಿದದ್ದು ಇದ್ದೇ ಇರುತ್ತದೆ. ಮಣ್ಣೂ ಕಾಫಿ ಸಸಿಗೆ ಮಾಡುವ ಹಾಗೆಯೇ: ಜರಡಿ ಹಿಡಿದ ಮೇಲ್ಮಣ್ಣು ಆರು ಪಾಲು, ಚೆನ್ನಾಗಿ ಕಳಿತ ಹಟ್ಟಿ ಗೊಬ್ಬರ ಎರಡು ಪಾಲು, ಮರಳು ಒಂದು ಪಾಲು. ಕಕ್ಕಡದಲ್ಲಿ ನೆಡುವುದಾದರೆ ಮರಳನ್ನು ಎರಡು ಪಾಲು ಮಾಡಿ, ಯಾಕೆಂದರೆ ಆಗ ಗಾಳಿಯಲ್ಲೇ ನೀರು. ಚೀಲದ ತೂತುಗಳು ಬಿಟ್ಟಿವೆಯಾ ನೋಡಿಕೊಳ್ಳಿ. ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ತುಂಡನ್ನು ಸ್ವಲ್ಪ ಓರೆಯಾಗಿ ಇಳಿಸಿ, ಬೆರಳಿನಿಂದ ಸುತ್ತ ಒತ್ತಿ.

ಆಮೇಲೆ ಚೀಲಗಳನ್ನು ಮಳೆಗೆ ಇಡಬೇಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಅದರ ದೊಡ್ಡ ಪಾಲು ಇದೇ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆಂಚಿನ ಮಾಡಿನ ಹನಿ ಬೀಳದ, ಆದರೆ ಬೆಳಕಿರುವ ಜಗಲಿ ಅಂಚು ಒಳ್ಳೆ ಜಾಗ. ಮಣ್ಣಿನ ಮೇಲ್ಭಾಗ ಒಣಗಿದಾಗ ಮಾತ್ರ ನೀರು. ಎರಡು ಮೂರು ವಾರದಲ್ಲಿ ಗೆಣ್ಣಿನಿಂದ ಚಿಗುರು ಕಾಣುತ್ತದೆ. ಚಿಗುರು ಬಂತೆಂದು ಎಳೆದು ನೋಡುವವರಿದ್ದಾರೆ. ದಯವಿಟ್ಟು ಬೇಡ, ಚಿಗುರು ಮೊದಲು ಬರುತ್ತದೆ, ಬೇರು ಆಮೇಲೆ. ಎರಡು ಜೊತೆ ಹೊಸ ಎಲೆ ಪೂರ್ತಿ ಬಿಚ್ಚಿದ ಮೇಲೆ ಬೇರು ಕೂತಿದೆ ಅಂದುಕೊಳ್ಳಬಹುದು.

ನೆಲಕ್ಕೆ ಯಾವಾಗ, ಎಲ್ಲಿ?

ಆಗಸ್ಟ್‌ನಲ್ಲಿ ಚೀಲಕ್ಕೆ ಹಾಕಿದ್ದನ್ನು ಮುಂದಿನ ಜೂನ್‌ವರೆಗೆ ಚೀಲದಲ್ಲೇ ಇಟ್ಟುಕೊಳ್ಳುವುದು ನನ್ನ ಪ್ರಕಾರ ವಾಸಿ. ಸೆಪ್ಟೆಂಬರ್‌ನಲ್ಲಿ, ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಮುಗಿದ ಮೇಲೆ ನೆಲಕ್ಕೆ ನೆಟ್ಟರೂ ಬದುಕುತ್ತದೆ, ಆದರೆ ಆ ಎಳೆ ಗಿಡ ಫೆಬ್ರವರಿ, ಮಾರ್ಚ್‌ನ ಒಣ ದಿನಗಳನ್ನು ದಾಟಬೇಕು. ಮನೆ ಹತ್ತಿರ ನೀರು ಹಾಕುವ ಅನುಕೂಲ ಇದ್ದರೆ ಮಾತ್ರ ಆ ದಾರಿ. ಕುಶಾಲನಗರ ಕಡೆಯವರು ಅದನ್ನು ಬಿಟ್ಟೇಬಿಡಿ, ಅಲ್ಲಿ ಬಿಸಿಲು ಜಾಸ್ತಿ, ಮಳೆ ಕಡಿಮೆ. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ತೊಂದರೆ ಇಲ್ಲ.

ಜಾಗದ ವಿಚಾರದಲ್ಲಿ ಮಾತ್ರ ಅವಸರ ಬೇಡ. ಗಿಡಕ್ಕೆ ನೆರಳು ಬೇಕು, ಕತ್ತಲೆ ಬೇಡ. ಹಲಸು, ಅತ್ತಿ ಮರದ ಕೆಳಗೆ ಎಲೆಗಳ ನಡುವೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುವ ಜಾಗ ನೋಡಿ. ಪೂರ್ತಿ ಬಿಸಿಲಿಗೆ ನೆಟ್ಟರೆ ಎಲೆ ಹಳದಿಯಾಗಿ ಸಣ್ಣದಾಗುತ್ತದೆ. ತೇವ ಇರಬೇಕು, ನೀರು ನಿಲ್ಲಬಾರದು. ಹಾಗಾಗಿ ತೋಡಿನ ನೀರು ಉಕ್ಕಿ ಬರುವ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಇಳಿಜಾರಿನಲ್ಲಿ. ಜಾಗ ಮಾಡಲು ಬರೆಯನ್ನು (ಕಡಿದಾದ ಮಣ್ಣಿನ ದಿಬ್ಬವನ್ನು) ಕಡಿಯಬೇಡಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ನಮಗೆ ಅದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಮುಖ್ಯ ವಿಷಯ. ಕರಿಮೆಣಸು ಹಬ್ಬಿಸಿದ ಮರದ ಬುಡದಲ್ಲಿ ಈ ಗಿಡ ನೆಡಬೇಡಿ. ಮಳೆಗೆ ಮೊದಲು ಬಳ್ಳಿಗೆ ಬೋರ್ಡೋ ಹೊಡೆಯುತ್ತೀರಿ, ಮಳೆಗಾಲದ ಮಧ್ಯೆ ಬಿಡುವು ಸಿಕ್ಕಾಗ ಮತ್ತೊಮ್ಮೆ ಹೊಡೆಯುವವರೂ ಇದ್ದಾರೆ. ಆ ಮೈಲುತುತ್ತಿನ ದ್ರಾವಣ ತೊಟ್ಟಿಕ್ಕುವುದು ಸೀದಾ ಕೆಳಗಿನ ಸೊಪ್ಪಿನ ಮೇಲೆ, ಅದೂ ಕಕ್ಕಡಕ್ಕೆ ಸ್ವಲ್ಪವೇ ಮೊದಲು. ಕಾಫಿಗೆ ಔಷಧಿ ಹೊಡೆಯುವ ಸಾಲಿಗೂ ಅಷ್ಟೇ. ತೋಟದ ಒಂದು ಮೂಲೆಯನ್ನು ಇದಕ್ಕೆಂದೇ ಬಿಡಿ, ಸುತ್ತ ನಾಲ್ಕು ಗೂಟ ಹೊಡೆದು ಬಣ್ಣದ ಬಟ್ಟೆ ಕಟ್ಟಿ. ಕಳೆ ಮಷಿನ್ ಹಿಡಿದವರಿಗೂ ಸ್ಪ್ರೇ ಮಾಡುವವರಿಗೂ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ. ಬಾಯಲ್ಲಿ ಹೇಳಿದ್ದು ಕೆಲಸದ ಹೊತ್ತಿಗೆ ನೆನಪಿರುವುದಿಲ್ಲ.

ಒಂದಡಿ ಗುಂಡಿ, ಎರಡು ಬೊಗಸೆ ಹಟ್ಟಿ ಗೊಬ್ಬರ, ಗಿಡದಿಂದ ಗಿಡಕ್ಕೆ ಎರಡಡಿ. ಸುಣ್ಣ ಬೇಡ, ಹುಳಿ ಮಣ್ಣಿನ ಕಾಡಿನಲ್ಲೇ ಬೆಳೆದ ಗಿಡ ಇದು. ರಾಸಾಯನಿಕ ಗೊಬ್ಬರವೂ ಬೇಡ.

ಆರೈಕೆ ಅಂದರೆ ಬೇಸಿಗೆ

ಮಳೆಗಾಲದಲ್ಲಿ ನೀವು ಮಾಡುವುದು ಕಡಿಮೆ. ಬುಡದ ಕಳೆಯನ್ನು ಕೈಯಲ್ಲಿ ಕೀಳಿ, ಅಷ್ಟೇ. ಬಸವನಹುಳುವಿನ ಮೇಲೆ ಒಂದು ಕಣ್ಣಿರಲಿ. ಶನಿವಾರಸಂತೆ ಕಡೆಯ ತೋಟದವರಿಗೆ ಆಫ್ರಿಕನ್ ಬಸವನಹುಳುವಿನ ಕಾಟ ಗೊತ್ತೇ ಇದೆ. ಸಂಜೆ ಟಾರ್ಚ್ ಹಿಡಿದು ಹೋಗಿ ಗ್ಲೌಸ್ ಹಾಕಿಕೊಂಡು ಹೆಕ್ಕಿ, ಉಪ್ಪು ನೀರಿನ ಬಕೆಟ್‌ಗೆ ಹಾಕಿ. ವಿಷದ ಗುಳಿಗೆಯನ್ನು ಸೊಪ್ಪಿನ ಬುಡಕ್ಕೆ ಎರಚಬೇಡಿ. ಎಲೆ ತಿನ್ನುವ ಹುಳು ಬಂದರೂ ಕೈಯಲ್ಲಿ ತೆಗೆದರೆ ಸಾಕು, ಹತ್ತು ಗಿಡ ತಾನೇ.

ಡಿಸೆಂಬರ್ ಬರುತ್ತಿದ್ದಂತೆ ಬುಡಕ್ಕೆ ತರಗೆಲೆ ದಪ್ಪಗೆ ಹಾಸಿ, ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಬಿಟ್ಟು. ಜನವರಿಯಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವವರೆಗೆ ವಾರಕ್ಕೆ ಒಂದೆರಡು ಬಾರಿ ನೀರು ಬೇಕಾಗುತ್ತದೆ. ಕಾಫಿಗೆ ಸ್ಪ್ರಿಂಕ್ಲರ್ ಹಾಕುವಾಗ ಇದಕ್ಕೂ ಸಿಗುವಂತಿದ್ದರೆ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಎಲೆ ಮಧ್ಯಾಹ್ನ ಜೋತು ಬಿದ್ದು ಸಂಜೆ ಎದ್ದರೆ ಚಿಂತೆ ಇಲ್ಲ. ಬೆಳಿಗ್ಗೆಯೂ ಜೋತಾಡುತ್ತಿದ್ದರೆ ಆವತ್ತೇ ನೀರು ಕೊಡಿ. ಮಳೆಗಾಲಕ್ಕೆ ಮೊದಲು ನೆರಳಿನ ಮರದ ಕೊಂಬೆ ಕಡಿಸುವಾಗ ಈ ಮೂಲೆಯ ಮೇಲಿನದ್ದನ್ನು ಪೂರ್ತಿ ಬೋಳಿಸದಂತೆ ನೋಡಿಕೊಳ್ಳಿ.

ಕೊಯ್ಲು

ನೆಟ್ಟ ಮೊದಲ ಕಕ್ಕಡದಲ್ಲಿ ಗಿಡವನ್ನು ಮುಟ್ಟದಿದ್ದರೆ ಒಳ್ಳೆಯದು. ಮರುವರ್ಷದಿಂದ ಧಾರಾಳವಾಗಿ ಸಿಗುತ್ತದೆ. ಎಲೆ ಮಾತ್ರ ಬಿಡಿಸಬೇಡಿ, ಕಾಂಡದ ಸಮೇತ ಕೊಯ್ಯಿರಿ, ಬಣ್ಣಕ್ಕೂ ಪರಿಮಳಕ್ಕೂ ಕಾಂಡ ಬೇಕು. ನೆಲದಿಂದ ಒಂದು ಗೇಣು ಮೇಲೆ, ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಉಳಿದ ಗೆಣ್ಣುಗಳಿಂದ ಮತ್ತೆ ಚಿಗುರುತ್ತದೆ. ಒಂದು ಗಿಡದ ಎಲ್ಲಾ ಕೊಂಬೆಗಳನ್ನೂ ಒಂದೇ ಸಲ ಬೋಳಿಸದೆ ಮೂರರಲ್ಲಿ ಒಂದು ಪಾಲನ್ನಾದರೂ ಬಿಡಿ. ಕೊಯ್ದ ಕಟ್ಟನ್ನು ಜಗಲಿ ಹೊರಗೇ ಚೆನ್ನಾಗಿ ಕೊಡವಿ, ಆ ತಿಂಗಳಲ್ಲಿ ಗೆಣ್ಣಿನ ಸಂದಿಯಲ್ಲಿ ಜಿಗಣೆ ಇದ್ದೇ ಇರುತ್ತದೆ. ಆಮೇಲೆ ಎರಡು ಮೂರು ನೀರಲ್ಲಿ ತೊಳೆಯಿರಿ.

ಅಡುಗೆಮನೆ ಕೆಲಸ ಹಿಂದಿನ ಸಂಜೆಯೇ ಶುರು. ಸೊಪ್ಪು, ಕಾಂಡ ಎರಡನ್ನೂ ಸಣ್ಣಗೆ ತುಂಡು ಮಾಡಿ, ಮುಳುಗುವಷ್ಟು ನೀರು ಹಾಕಿ ಕುದಿಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೋಸಿದರೆ ಕಪ್ಪು ನೇರಳೆ ನೀರು. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಹಾಕಿದರೆ ಪಾಯಸ. ಅಕ್ಕಿ ತರಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಮದ್ದ್ ಪುಟ್ಟ್, ಅದಕ್ಕೆ ಜೇನು ಮತ್ತು ತುಪ್ಪ. ತಿಂದ ಮೇಲೆ ಮೂತ್ರದ ಬಣ್ಣ ಕೆಂಪಾಗುತ್ತದೆ. ಹೊಸದಾಗಿ ತಿನ್ನುವ ನೆಂಟರಿಗೆ, ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಗಾಬರಿ ಬೀಳುತ್ತಾರೆ. ಈ ಸೊಪ್ಪಿನಲ್ಲಿ ಆಂಟಿ ಆಕ್ಸಿಡೆಂಟ್ ಅಂಶ ಇರುವುದನ್ನು ಲ್ಯಾಬ್‌ಗಳಲ್ಲಿ ನೋಡಿದ್ದಾರೆ, ಆದರೆ ಅದನ್ನು ನಂಬಿ ಶುಗರ್, ಬಿ.ಪಿ. ಮಾತ್ರೆ ಬಿಡಬಾರದು. ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಲಿ.

ಬೆಂಗಳೂರಿನ ಬಾಲ್ಕನಿಯಲ್ಲೂ ಇದನ್ನು ಬೆಳೆಸಬಹುದು. ಬೇರು ಬಿಟ್ಟ ಚೀಲವನ್ನು ಬಸ್ಸಿಗೆ ಹಾಕುವ ಮೊದಲು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಒದ್ದೆ ಪೇಪರ್ ಸುತ್ತಿ ಕಳಿಸಿ. ಅಲ್ಲಿ 12 ಇಂಚಿನ ಕುಂಡ, ಬೆಳಗಿನ ಬಿಸಿಲು ಮಾತ್ರ ಬರುವ ಪೂರ್ವದ ಕಡೆ. ಅಲ್ಲಿನ ಗಾಳಿ ಒಣ, ಹಾಗಾಗಿ ಬೇಸಿಗೆಯಲ್ಲಿ ದಿನಾ ನೀರು ಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಸಂಜೆ ಚೆಲ್ಲಿಬಿಡಲು ಹೇಳಿ, ಕುಂಡದ ಗಿಡ ಸಾಯುವುದು ಹೆಚ್ಚಾಗಿ ಆ ತಟ್ಟೆಯಿಂದಲೇ.