ವಿಜಯಭಾಸ್ಕರ್ ಹಾಡುಗಳನ್ನು ಕ್ಯಾಸೆಟ್, ಇಪಿಗಳಿಂದ ಇಳಿಸಿಕೊಳ್ಳುವ ಬಗೆ

ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಅವರ ಸಂಗೀತವನ್ನು ಹಚ್ಚಿಕೊಂಡವರಿಗೆ ಒಂದು ಮಾತು ಹೇಳಬೇಕಾಗಿಲ್ಲ: ಅವರ ಹಾಡುಗಳ ಅರ್ಧ ಸೊಗಸು ಗಾಯಕರ ದನಿಯ ಹಿಂದುಗಡೆ ಇದೆ. ಸಾಲು ಮುಗಿಯುವಷ್ಟರಲ್ಲಿ ಬಂದು ಹೋಗುವ ಕೊಳಲು, ಚರಣಗಳ ನಡುವೆ ಏರಿ ಇಳಿಯುವ ಪಿಟೀಲುಗಳು, ಮೆಲ್ಲಗೆ ಬೀಳುವ ತಬಲದ ಪೆಟ್ಟು. ಅಂತರ್ಜಾಲದಲ್ಲಿ ಸಿಗುವ ಹೆಚ್ಚಿನ ಪ್ರತಿಗಳಲ್ಲಿ ಮೊದಲು ಕಾಣೆಯಾಗುವುದೇ ಇವು. ಟೇಪಿನ ಬೇಡದ ಸದ್ದು ತೆಗೆಯುವ ಭರದಲ್ಲಿ ಯಾರೋ ಅವುಗಳನ್ನೂ ತೆಗೆದಿರುತ್ತಾರೆ. ಹಾಗಾಗಿ ಮೂಲ ಕ್ಯಾಸೆಟ್ಟು, ಇಪಿಗಳಿಂದ (ನಿಮಿಷಕ್ಕೆ 45 ಸುತ್ತು, ಅಂದರೆ 45 ಆರ್‌ಪಿಎಂನಲ್ಲಿ ತಿರುಗುವ ಚಿಕ್ಕ ರೆಕಾರ್ಡುಗಳು) ನಾನೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ.

ನಮ್ಮ ಕಾಸರಗೋಡಿನ ಕಡೆ ಸಾಮಗ್ರಿಗೆ ಕೊರತೆಯಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಹಳೆ ಮನೆಗಳಲ್ಲಿ ಗಲ್ಫಿನಿಂದ ಬಂದ ಟೇಪ್‌ರೆಕಾರ್ಡರ್‌ಗಳೂ ಮಂಗಳೂರಿನಿಂದ ತಂದ ಕ್ಯಾಸೆಟ್ಟುಗಳೂ ಈಗಲೂ ಇವೆ. ತೊಂದರೆ ಇರುವುದು ಮಳೆಯದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿರುವ ತೇವ ಕ್ಯಾಸೆಟ್ಟಿನೊಳಗೂ ಬೂಸರು ತರುತ್ತದೆ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಸುತ್ತಿದ ರೀಲಿನ ಅಂಚಿನಲ್ಲಿ ಬಿಳಿ ಹುಡಿಯಂತೆ ಕಂಡರೆ ಅದು ಬೂಸರೇ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟವಕ್ಕೆ ಬೂಸರು ಕಡಿಮೆ, ಆದರೆ ಮಸಿ ಹಿಡಿದಿರುತ್ತದೆ, ಬಿಸಿಗೆ ಕವಚವೂ ಸೊಟ್ಟಗಾಗಿರುತ್ತದೆ. ಇಳಿಸುವ ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳೇ ಸರಿ.

ಬೂಸರು ಹಿಡಿದ ಕ್ಯಾಸೆಟ್ಟನ್ನು ಒಳ್ಳೆಯ ಡೆಕ್ಕಿಗೆ ಹಾಕಲೇಬಾರದು. ಬೂಸರು ಹೆಡ್ಡಿಗೆ (ಟೇಪಿನಿಂದ ದನಿಯನ್ನು ಓದುವ ಭಾಗ) ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಒಂದು ವಾರ ಇಟ್ಟರೆ ಅದು ಒಣಗಿ ಸಡಿಲವಾಗುತ್ತದೆ. ಆಮೇಲೆ ಮೂಗಿಗೆ ಮಾಸ್ಕ್ ಹಾಕಿ, ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಕೆಲಸಕ್ಕೆ ಬಾರದ ಹಳೆ ಡೆಕ್ಕಿನಲ್ಲಿ ಆ ತುದಿಯಿಂದ ಈ ತುದಿಗೆ ಸುತ್ತಬೇಕು. ಬಿಸಿಲಿಗೆ ಇಡುವುದು ಬೇಡ. ಒಳಗೆ ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ಚೂರು ಉದುರಿದ್ದರೆ ದನಿ ಬಂದು ಬಂದು ಹೋಗುತ್ತದೆ. ಆಗ ಐದು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಕವಚಕ್ಕೆ ರೀಲನ್ನು ಬದಲಿಸುವುದೇ ದಾರಿ. ಸ್ಕ್ರೂ ಇಲ್ಲದೆ ಅಂಟಿಸಿದ ಕವಚವಾದರೆ ಅಂಚಿನ ಗೆರೆಯಲ್ಲಿ ತೆಳು ಬ್ಲೇಡು ಆಡಿಸಿ ಬಿಡಿಸಬಹುದು.

ಪ್ರತಿ ಕ್ಯಾಸೆಟ್ಟಿಗೆ ಮೊದಲು ಹೆಡ್ಡನ್ನೂ ಲೋಹದ ಕಂಬಿಯನ್ನೂ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸುತ್ತೇನೆ. ರಬ್ಬರ್ ಚಕ್ರಕ್ಕೆ ಆಲ್ಕೊಹಾಲ್ ಬೇಡ, ರಬ್ಬರ್ ಬಿರುಕು ಬಿಡುತ್ತದೆ. ಸೋಪಿನ ನೀರು ಸಾಕು.

ಇನ್ನು ಹೆಡ್ಡಿನ ಕೋನ. ಇಷ್ಟೆಲ್ಲದರಲ್ಲಿ ಅತಿ ಮುಖ್ಯವಾದದ್ದು ಇದೇ, ಹೆಚ್ಚಿನವರು ಬಿಡುವುದೂ ಇದನ್ನೇ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸ್ಕ್ರೂ ಇರುತ್ತದೆ. ಕ್ಯಾಸೆಟ್ಟು ತುಂಬಿದ ಯಂತ್ರದ ಕೋನಕ್ಕೂ ನಮ್ಮ ಡೆಕ್ಕಿನ ಕೋನಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಮೇಲಿನ ಸ್ವರಗಳೆಲ್ಲ ಮಂಕಾಗುತ್ತವೆ. ‘ಟೇಪು ಹಳತಾಗಿದೆ’ ಎಂದು ಕೈಬಿಡುವ ಎಷ್ಟೋ ಕ್ಯಾಸೆಟ್ಟುಗಳಲ್ಲಿ ದೋಷ ಇರುವುದು ಇಲ್ಲಿ. ಎಡ, ಬಲ ಎರಡೂ ಚಾನೆಲ್ಲುಗಳನ್ನು ಕೂಡಿಸಿ ಮೊನೊ ಮಾಡಿ ಹೆಡ್‌ಫೋನಿನಲ್ಲಿ ಕೇಳುತ್ತಾ ಸ್ಕ್ರೂವನ್ನು ಬಹಳ ಸಾವಕಾಶ ತಿರುಗಿಸಬೇಕು; ಕಾಲು ಸುತ್ತಿಗಿಂತ ಹೆಚ್ಚು ಬೇಕಾಗುವುದು ಅಪರೂಪ. ಎಸ್. ಜಾನಕಿಯವರ ‘ಸ’, ‘ಶ’ಗಳೂ ಗೆಜ್ಜೆ, ತಾಳದ ಸದ್ದೂ ಅತ್ಯಂತ ಸ್ಪಷ್ಟವಾಗುವ ಜಾಗ ಒಂದೇ ಒಂದು. ಅದರ ಆಚೀಚೆ ಎರಡೂ ಕಡೆ ಮತ್ತೆ ಮಂಕಾಗುತ್ತದೆ. ಮೊನೊ ಮಾಡದೆ ಕೇಳಿದರೆ ಆ ಜಾಗ ಸುಲಭಕ್ಕೆ ಸಿಕ್ಕುವುದಿಲ್ಲ. ಮೊದಲಿನ ಸ್ಥಾನಕ್ಕೆ ಉಗುರುಬಣ್ಣದ ಒಂದು ಚುಕ್ಕಿ ಇಟ್ಟುಕೊಂಡರೆ ವಾಪಸ್ ಬರಬಹುದು. ಬಿ ಬದಿಗೆ ಇದನ್ನು ಹೊಸದಾಗಿ ಮಾಡಬೇಕು. ಆಟೊ ರಿವರ್ಸ್ ಡೆಕ್ಕುಗಳು ಈ ಕೆಲಸಕ್ಕೆ ಆಗುವುದಿಲ್ಲ, ಹೆಡ್ ತಿರುಗಿದಾಗ ಕೋನ ಮತ್ತೆ ತಪ್ಪುತ್ತದೆ.

ಇಪಿ ರೆಕಾರ್ಡುಗಳದ್ದು ಬೇರೆ ಕತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಾಲ್ಕು ಪಾಲು, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲು, ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ: ಇದರಲ್ಲಿ ಮೈಕ್ರೋಫೈಬರ್ ಬಟ್ಟೆ ಅದ್ದಿ ಗೆರೆಗಳ ದಿಕ್ಕಿನಲ್ಲೇ ಒರೆಸಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಬೇಕು. ನಡುವಿನ ಲೇಬಲ್ ಒದ್ದೆಯಾಗಬಾರದು. 78 ಆರ್‌ಪಿಎಂನ ಅರಗಿನ ಪ್ಲೇಟುಗಳಿಗೆ ಮಾತ್ರ ಆಲ್ಕೊಹಾಲ್ ತಾಗಿಸಲೇಬಾರದು, ಅರಗು ಕರಗುತ್ತದೆ. ಅವಕ್ಕೆ ಸೂಜಿಯೂ ಬೇರೆ: ಇಪಿಗೆ 0.7 ಮಿಲ್, 78ಕ್ಕೆ 3 ಮಿಲ್ (ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು).

ಇಪಿಯ ನಡು ತೂತು ಸರಿಯಾಗಿ ಮಧ್ಯದಲ್ಲಿ ಇರದಿದ್ದರೆ ಸ್ವರ ತೂಗುತ್ತದೆ. 45 ಆರ್‌ಪಿಎಂ ಎಂದರೆ ಒಂದು ಸುತ್ತಿಗೆ 1.33 ಸೆಕೆಂಡು, ಪಿಟೀಲಿನ ಉದ್ದ ಸ್ವರವೊಂದು ಅದೇ ಅಂತರದಲ್ಲಿ ಏರಿ ಇಳಿದರೆ ಕಾರಣ ತೂತೇ ಹೊರತು ಮೋಟಾರ್ ಅಲ್ಲ. ಸೂಜಿಯ ಕೈ ಆಚೀಚೆ ತೂಗದಂತೆ ಆಗುವವರೆಗೆ ಪ್ಲೇಟನ್ನು ಚೂರು ಚೂರು ಸರಿಸುತ್ತೇನೆ. ಮೊನೊ ರೆಕಾರ್ಡನ್ನೂ ಸ್ಟೀರಿಯೊದಲ್ಲೇ ಇಳಿಸುವುದು ಒಳ್ಳೆಯದು. ಗೆರೆಯ ಎರಡು ಗೋಡೆಗಳಲ್ಲಿ ಒಂದು ಕಡಿಮೆ ಸವೆದಿರುವುದುಂಟು, ಆಗ ಆ ಒಂದು ಚಾನೆಲ್ಲನ್ನೇ ಉಳಿಸಿಕೊಳ್ಳಬಹುದು. ಎರಡೂ ಚೆನ್ನಾಗಿದ್ದರೆ ಕೂಡಿಸಿ ಮೊನೊ ಮಾಡಿದಾಗ ಪ್ಲೇಟಿನ ಅಂಕುಡೊಂಕಿನಿಂದ ಬರುವ ಗುಡುಗುಡು ಬಹುಪಾಲು ತಾನಾಗಿ ಕಳೆಯುತ್ತದೆ.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ತಂತಿ ಚುಚ್ಚಬೇಡಿ, ಅಲ್ಲಿ ದನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಇಂಟರ್‌ಫೇಸ್ ಬೇಕು. ಇಳಿಸುವ ಗುಣಮಟ್ಟ 24 ಬಿಟ್, 48 ಕಿಲೊಹರ್ಟ್ಸ್ ಇರಲಿ. ಅತಿ ಜೋರಿನ ಜಾಗ ಮೀಟರಿನಲ್ಲಿ -6 ಡಿಬಿ ದಾಟಬಾರದು. ‘ನಾಗರಹಾವು’ (1972) ಚಿತ್ರದ ಓಬವ್ವನ ಹಾಡಿನಂತೆ ಕತೆ ಹೇಳುತ್ತಾ ಏರುವ ಹಾಡಿದ್ದರೆ ಶುರುವಿನ ಸಾಲು ನೋಡಿ ಮಟ್ಟ ಹಿಡಿಯದೆ ಪೂರ್ತಿ ಒಮ್ಮೆ ಕೇಳಿಯೇ ಹಿಡಿಯಬೇಕು. ನಿಮಿಷಕ್ಕೆ ಸುಮಾರು 17 ಎಂಬಿ ಆಗುತ್ತದೆ, 60 ನಿಮಿಷದ ಕ್ಯಾಸೆಟ್ಟಿಗೆ ಹೆಚ್ಚುಕಡಿಮೆ ಒಂದು ಜಿಬಿ. ಫ್ಲ್ಯಾಕ್ ಬಗೆಯ ಫೈಲ್ ಮಾಡಿದರೆ ಗಾತ್ರ ಇಳಿಯುತ್ತದೆ, ಗುಣ ಕೆಡುವುದಿಲ್ಲ. ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಬಂದರೆ ಟರ್ನ್‌ಟೇಬಲ್ಲಿನ ಅರ್ತ್ ತಂತಿ ನೋಡಿ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಇಳಿಸಿ.

ಶ್ರುತಿಯನ್ನೂ ನೋಡಬೇಕು. ಒಂದು ಕ್ಯಾಸೆಟ್ಟಿನ ಎಲ್ಲಾ ಹಾಡುಗಳೂ ಟ್ಯೂನರ್ ಆ್ಯಪ್‌ನಲ್ಲಿ ಒಂದೇ ಅಳತೆಯಲ್ಲಿ, ಉದಾಹರಣೆಗೆ 40 ಸೆಂಟ್ (ಹಾರ್ಮೋನಿಯಂನ ಒಂದು ಮನೆಗೆ 100 ಸೆಂಟ್) ಮೇಲಿದ್ದರೆ, ಟೇಪು ವೇಗವಾಗಿ ಓಡಿದೆ ಎಂದೇ ಲೆಕ್ಕ. ವೇಗವನ್ನು 2.3 ಶೇಕಡಾ ಇಳಿಸಿದರೆ ಸರಿಹೋಗುತ್ತದೆ.

ಸದ್ದು ತೆಗೆಯುವಾಗ ಕೈ ಬಿಗಿ ಇರಲಿ. ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಹಾಡು ಶುರುವಾಗುವ ಮೊದಲಿನ ಖಾಲಿ ಒಂದು ಸೆಕೆಂಡನ್ನು ಮಾದರಿಯಾಗಿ ಕೊಟ್ಟು, ನಾನು 6 ಡಿಬಿಗಿಂತ ಹೆಚ್ಚು ತೆಗೆಯುವುದಿಲ್ಲ. ಅದರಲ್ಲೇ ‘ರೆಸಿಡ್ಯೂ’ ಎಂಬ ಆಯ್ಕೆ ಇದೆ, ಏನೇನು ತೆಗೆಯಲಾಗುತ್ತಿದೆ ಎಂಬುದನ್ನು ಮಾತ್ರ ಅದು ಕೇಳಿಸುತ್ತದೆ. ಅಲ್ಲಿ ಬರೀ ಸುಯ್ಯೆನ್ನುವ ಸದ್ದಿರಬೇಕು. ಕೊಳಲಿನ ಉಸಿರು ಕೇಳಿದರೆ ಸಂಗೀತವನ್ನೇ ಸೋಸುತ್ತಿದ್ದೀರಿ ಎಂದರ್ಥ. ರೆಕಾರ್ಡಿನ ಚಟಪಟಕ್ಕೆ ತಾನಾಗಿ ತೆಗೆಯುವ ಉಪಾಯ ಬೇಡ, ಅದು ತಬಲದ ಪೆಟ್ಟನ್ನೂ ಕಚ್ಚುತ್ತದೆ. ದೊಡ್ಡ ಚಟ್ ಎನ್ನುವವನ್ನು ಮಾತ್ರ ಹುಡುಕಿ ‘ರಿಪೇರ್’ ಒತ್ತುತ್ತೇನೆ. ಒಂದು ಸಲಕ್ಕೆ 128 ಸ್ಯಾಂಪಲ್‌ಗಳಷ್ಟು ಅಗಲ ಮಾತ್ರ ಸಾಧ್ಯ. ನಿಧಾನದ ಕೆಲಸ, ಆದರೆ ಸುತ್ತಲಿನ ಸ್ವರ ಹಾಗೇ ಉಳಿಯುತ್ತದೆ.

ಹೆಸರು ಹಾಕುವಾಗ ಕನ್ನಡ ಲಿಪಿಯಲ್ಲೇ ಹಾಕಿ: ಚಿತ್ರ, ವರ್ಷ, ಕವಿ, ಗಾಯಕರು, ಯಾವ ಕ್ಯಾಸೆಟ್ಟು, ಯಾವ ಬದಿ. ‘ಬೆಳ್ಳಿಮೋಡ’ದ (1967) ‘ಮೂಡಲ ಮನೆಯ’ ಹಾಡಿಗೆ ಬೇಂದ್ರೆಯವರ ಹೆಸರೇ ಇಲ್ಲದ ಪ್ರತಿಗಳು ಓಡಾಡುತ್ತವೆ. ಇದು, ‘ನಾಗರಹಾವು’ ಎರಡೂ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದವು, ಆದರೆ ಪುಟ್ಟಣ್ಣನವರ ಚಿತ್ರ ಎಂದ ಮಾತ್ರಕ್ಕೆ ಸಂಗೀತ ವಿಜಯಭಾಸ್ಕರ್ ಅವರದ್ದೇ ಆಗಿರಬೇಕೆಂದಿಲ್ಲ. ‘ಎಡಕಲ್ಲು ಗುಡ್ಡದ ಮೇಲೆ’ ಎಂ. ರಂಗರಾವ್ ಅವರದ್ದು.

ಗಡಿಯಲ್ಲಿರುವ ನಮಗೆ ಇನ್ನೊಂದು ಬಾಗಿಲೂ ಇದೆ. ಮಲಯಾಳಂ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಅವರ ‘ಮದಿಲುಗಳ್’, ‘ವಿಧೇಯನ್’, ‘ಕಥಾಪುರುಷನ್’ ಚಿತ್ರಗಳ ಹಿನ್ನೆಲೆ ಸಂಗೀತವೂ ವಿಜಯಭಾಸ್ಕರ್ ಅವರದ್ದೇ. ‘ವಿಧೇಯನ್’ ನಡೆಯುವುದು ಕನ್ನಡ ನಾಡಿನಲ್ಲಿ, ಮಾತಿನಲ್ಲಿ ಕನ್ನಡ, ಮಲಯಾಳಂ ಎರಡೂ ಬೆರೆತಿವೆ. ಎರಡೂ ಕಿವಿಗೆ ಬೀಳುತ್ತಾ ಬೆಳೆದ ನಮಗೆ ಅಡಿಬರಹದ ಗೊಡವೆಯಿಲ್ಲದೆ ಸಂಗೀತಕ್ಕೇ ಕಿವಿಗೊಡಲು ಆಗುತ್ತದೆ. ಹಿನ್ನೆಲೆ ಸಂಗೀತಕ್ಕೆ ಚಿತ್ರದ ಡಿಸ್ಕೇ ಆಧಾರ. ಡಿವಿಡಿಗಳಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂಬ ಎರಡು ಟಿವಿ ಪದ್ಧತಿಗಳಿವೆ. ಪಾಲ್ ಪದ್ಧತಿಯ ಡಿಸ್ಕಾದರೆ ಎಚ್ಚರ: ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರಲ್ಲಿ ಓಡಿಸಿರುವುದರಿಂದ ಶ್ರುತಿ ಹಾರ್ಮೋನಿಯಂನ ಒಂದು ಮನೆಯ ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆ ಮೇಲೇರಿರುವುದುಂಟು. ಹಾಗೆ ಏರಿದ್ದರೆ ಅಡಾಸಿಟಿಯ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ನಲ್ಲಿ (ಹಳೆ ಆವೃತ್ತಿಗಳಲ್ಲಿ ‘ಚೇಂಜ್ ಸ್ಪೀಡ್’) -4 ಶೇಕಡಾ ಕೊಡಿ, ‘ಚೇಂಜ್ ಪಿಚ್’ ಅಲ್ಲ, ಅದು ಕಾಲವನ್ನು ಹಾಗೇ ಬಿಡುತ್ತದೆ. ಎನ್‌ಟಿಎಸ್‌ಸಿ ಡಿಸ್ಕಿಗೆ ಇದು ಬೇಕಿಲ್ಲ. ಸಂಗೀತ ಶುರುವಾಗುವ, ನಿಲ್ಲುವ ನಿಮಿಷ, ಸೆಕೆಂಡುಗಳನ್ನು ವೇಗ ಸರಿಪಡಿಸುವ ಮೊದಲೇ, ಮೂಲ ಡಿಸ್ಕಿನಿಂದ ಬರೆದುಕೊಳ್ಳಿ. ಇಲ್ಲವಾದರೆ ಚಿತ್ರ ಮತ್ತೆ ಹಾಕಿದಾಗ ಆ ಜಾಗಗಳು ಹೊಂದಿಕೆಯಾಗುವುದಿಲ್ಲ.